ಕೆಂಪಗಿದ್ದದ್ದೆಲ್ಲ ಖಾರವಲ್ಲ

ಕೊರಿಯಾದ ಧಾರಾವಾಹಿ ನೋಡಿ ಅಲ್ಲಿಯ ನೂಡಲ್ಸ್ ಪೊಟ್ಟಣ ಹುಡುಕುವ ಹುಡುಗರು ಈಗ ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದಾರೆ. ಆ ನಾಡಿನಲ್ಲಿ ಗಮ್ಜಾತಾಂಗ್ ಎಂಬ ಕೆಂಪು ಸಾರೊಂದಿದೆ. ಹಂದಿಯ ಬೆನ್ನೆಲುಬನ್ನು ತಾಸುಗಟ್ಟಲೆ ಕುದಿಸಿ, ಇಡೀ ಬಟಾಟಿ, ಒಣಸೊಪ್ಪು, ಹುದುಗು ಬರಿಸಿದ ಸೋಯಾ ಮುದ್ದೆ, ಖಾರದಪುಡಿ ಹಾಕುತ್ತಾರೆ. ಮೇಲೆ ಪೆರಿಲ್ಲಾ ಎಂಬ ಎಣ್ಣೆಕಾಳಿನ ಪುಡಿ. ನಮ್ಮ ಗುರೆಳ್ಳು ಪುಡಿಯ ಕೆಲಸವನ್ನೇ ಅದು ಮಾಡುತ್ತದೆ. ಗಿಡ ಮಾತ್ರ ತುಳಸಿಯ ಕುಟುಂಬದ್ದು. ಎಲುಬನ್ನು ಕೈಯಲ್ಲಿ ಹಿಡಿದು, ಸಂದಿಯ ಮಾಂಸ ಬಿಡಿಸಿ, ಚೀಪಿ ತಿನ್ನಬೇಕು. ಇಂಥ ಬಟ್ಟಲನ್ನು ಕಂಡ ಹುಬ್ಬಳ್ಳಿಯವರ ಬಾಯಲ್ಲಿ ಬರುವ ಮೊದಲ ಮಾತು, "ನಮ್ಮ ಸಾವಜಿ ರಸ್ಸಾ ಇದ್ದಂಗ ಐತಲ್ಲ!" ಸಾವಜಿ ರಸ್ಸಾ ಎಂದರೆ ನಮ್ಮ ಖಾನಾವಳಿಗಳ ಖಾರದ ಸಾರು. ಬಣ್ಣದ ಮಟ್ಟಿಗೆ ಒಪ್ಪೋಣ. ಖಾರದ ವಿಷಯದಲ್ಲಿ ನಾವು ನಂಬಿಕೊಂಡು ಬಂದಿರುವ ಹಲವು ಮಾತು ಈ ಎರಡೂ ಬಟ್ಟಲಿನ ಮುಂದೆ ನಿಲ್ಲುವುದಿಲ್ಲ.

"ಕೆಂಪು ಎಣ್ಣಿ ತೇಲಾಕತ್ತಿತ್ತಂದ್ರ ಖಾರ ಜಾಸ್ತಿ"

ಎಲ್ಲಕ್ಕಿಂತ ಗಟ್ಟಿ ನಂಬಿಕೆ ಇದು, ಎಲ್ಲಕ್ಕಿಂತ ಪೊಳ್ಳೂ ಹೌದು. ಮೆಣಸಿನಕಾಯಿಗೆ ಕೆಂಪು ಕೊಡುವುದು ಕ್ಯಾಪ್ಸಾಂಥಿನ್ ಮತ್ತು ಅದರ ಬಳಗದ ಬಣ್ಣಗಳು. ಖಾರ ಕೊಡುವ ಕ್ಯಾಪ್ಸೈಸಿನ್ ಬೇರೆಯೇ. ಅದಕ್ಕೆ ಬಣ್ಣವೇ ಇಲ್ಲ. ಎರಡೂ ಎಣ್ಣೆಯಲ್ಲಿ ಕರಗುವುದರಿಂದ ಒಟ್ಟಿಗೆ ಮೇಲೆ ತೇಲುತ್ತವೆ, ನಾವು ಒಂದನ್ನು ನೋಡಿ ಇನ್ನೊಂದನ್ನು ಅಳೆಯುತ್ತೇವೆ.

ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗುವುದು ಬೇಡ. ಕುಂದಗೋಳ ಕಡೆಯ ಎರೆಹೊಲದಲ್ಲಿ ಬೆಳೆದು ಹಾವೇರಿ ಜಿಲ್ಲೆಯ ಪೇಟೆಯಲ್ಲಿ ಮಾರಾಟವಾಗುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದರ ಹೆಸರೆಲ್ಲ ಬಣ್ಣದ ಮೇಲೆಯೇ ನಿಂತಿದೆ. ಒಂದು ಒಣಕಾಯಿಯನ್ನು ಬೆರಳಲ್ಲಿ ತಿಕ್ಕಿ ನೋಡಿ: ಸುಕ್ಕುಗಟ್ಟಿದ ಸಿಪ್ಪೆ ಪುಡಿಯಾದಲ್ಲೆಲ್ಲ ಗಾಢ ಕೆಂಪು. ಬಾಯಿಗಿಟ್ಟರೆ ಗುಂಟೂರು ಕಾಯಿಯ ಉರಿ ಇಲ್ಲ. ಇದರಿಂದ ತೆಗೆದ ಓಲಿಯೋರೆಸಿನ್ ಎಂಬ ಸಾರ ತಿನಿಸುಗಳಿಗೂ ಸೌಂದರ್ಯವರ್ಧಕಗಳಿಗೂ ಬಣ್ಣವಾಗಿ ಹೋಗುತ್ತದೆ. ಖಾರವೇ ಅದರ ಬಂಡವಾಳವಾಗಿದ್ದರೆ ಯಾರು ತುಟಿಗೆ ಹಚ್ಚಿಕೊಳ್ಳುತ್ತಿದ್ದರು?

ಕೊರಿಯಾದ ಗೊಚುಗಾರು ಎಂಬ ಖಾರದಪುಡಿಯದ್ದೂ ಇದೇ ಜಾತಕ. ಬೀಜ ತೆಗೆದು ಪುಡಿ ಮಾಡಿದ ಅದು ಕಣ್ಣಿಗೆ ಉರಿ ಉರಿ, ನಾಲಗೆಗೆ ತುಸು ಸಿಹಿ. ಗಮ್ಜಾತಾಂಗ್ ಬಟ್ಟಲು ಕಂಡು ಹೆದರುವವರು ಸಾವಜಿ ಊಟ ಜೀರ್ಣಿಸಿಕೊಂಡವರಾಗಿದ್ದರೆ ನಗು ಬರುತ್ತದೆ. ಇನ್ನು ಕೊಡಗಿನ ಪಂದಿ ಕರಿ ನೋಡಿ. ಹುರಿದ ಮಸಾಲೆ, ಕಾಳುಮೆಣಸು, ಕಾಚಂಪುಳಿ ಎಂಬ ಹುಳಿಯಿಂದ ಕಪ್ಪಗಿರುತ್ತದೆ, ಕೆಂಪಿನ ಸುಳಿವಿಲ್ಲ, ಆದರೂ ಗಂಟಲಿಗೆ ಖಾರ ತಾಕುತ್ತದೆ.

"ಖಾರ ಇರೋದು ಬೀಜದಾಗ"

ಅಲ್ಲ. ಕಾಯಿ ಸೀಳಿದರೆ ಬೀಜ ಅಂಟಿಕೊಂಡ ಬಿಳಿ ತಿರುಳು ಕಾಣುತ್ತದೆಯಲ್ಲ, ಕ್ಯಾಪ್ಸೈಸಿನ್ ತಯಾರಾಗುವುದು ಅಲ್ಲಿ. ಬೀಜಕ್ಕೆ ತಾಗಿದ್ದು ಸಹವಾಸದ ಖಾರ.

"ಖಾರ, ಉಪ್ಪು ಹೆಚ್ಚಾತಂದ್ರ ಎರಡು ಬಟಾಟಿ ಹಾಕ್ರಿ, ಹೀರ್ಕೊಂತಾವ"

ಬಟಾಟಿ ಹೀರುವುದು ರಸವನ್ನು. ಅದರೊಳಗಿನ ಉಪ್ಪನ್ನಷ್ಟೇ ಆರಿಸಿ ಎಳೆದುಕೊಳ್ಳುವ ಜಾಣತನ ಅದಕ್ಕಿಲ್ಲ. ಉಳಿದ ರಸದ ಉಪ್ಪು ಇದ್ದಷ್ಟೇ ಇರುತ್ತದೆ. ಸಪ್ಪೆ ಗಡ್ಡೆಯ ಜೊತೆ ತುತ್ತು ತಿಂದಾಗ ನಾಲಗೆಗೆ ಕಡಿಮೆ ಅನಿಸುತ್ತದೆ, ಅಷ್ಟೇ. ನೀರು ಹಾಕಿ ಕುದಿಸಿದರೆ ಉಪ್ಪು ಇಳಿಯುತ್ತದೆ. ಖಾರ ಇಳಿಯಬೇಕಿದ್ದರೆ ಮೇಲೆ ತೇಲುವ ಎಣ್ಣೆಯನ್ನು ಸೌಟಿನಲ್ಲಿ ತೆಗೆದುಬಿಡಿ. ಮಜವೂ ಅದರ ಜೊತೆ ಹೋಗುತ್ತದೆ, ಅದು ಬೇರೆ ಮಾತು. ಬಾಯಿ ಉರಿದಾಗ ನೀರು ಕುಡಿದು ಪ್ರಯೋಜನವಿಲ್ಲ ಎನ್ನುವುದಕ್ಕೂ ಇದೇ ಕಾರಣ. ಕ್ಯಾಪ್ಸೈಸಿನ್ ನೀರಿಗೆ ಜಗ್ಗುವುದಿಲ್ಲ, ಹಾಲು-ಮೊಸರಿನ ಪ್ರೋಟೀನಿಗೆ ಜಗ್ಗುತ್ತದೆ.

"ಹುಬ್ಬಳ್ಳಿ ಸಾವಜಿ, ನಾಗಪುರ ಸಾವಜಿ ಒಂದ"

ಎರಡೂ ನೇಕಾರ ಸಮುದಾಯಗಳ ಅಡುಗೆ, ಎರಡೂ ಖಾರ. ಆದರೆ ನಾಗಪುರದ್ದು ಹಲಬಾ ಕೋಷ್ಟಿ ಜನರ ಹೆಸರಿನೊಡನೆ ಬೆಸೆದಿದೆ. ಹುಬ್ಬಳ್ಳಿ, ಗದಗದ ಖಾನಾವಳಿಗಳದ್ದು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ ಮನೆಯಡುಗೆ.

"ಈ ಖಾರ ನಮ್ಮ ಅಜ್ಜ-ಮುತ್ತಜ್ಜರ ಕಾಲದಿಂದ ಐತಿ, ಹಂದಿ ಮಾತ್ರ ಹೊರಗಿನದು"

ಇತಿಹಾಸ ಉಲ್ಟಾ ಹೇಳುತ್ತದೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಹಂದಿಮಾಂಸದ ಅಡುಗೆಯ ವಿವರಗಳಿವೆ. ಇಲ್ಲದಿರುವುದು ಮೆಣಸಿನಕಾಯಿ ಮತ್ತು ಬಟಾಟಿ. ಎರಡೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಈ ಕಡೆ ಬಂದ ಮೇಲಷ್ಟೇ ನಮಗೆ ದಕ್ಕಿದವು. ಕೊರಿಯಾದ ಕಥೆಯೂ ಹೀಗೆಯೇ. ಅಲ್ಲಿ ಮೆಣಸಿನಕಾಯಿ ಜಪಾನಿನಿಂದ ಬಂತೆಂದು 1614ರ ಪುಸ್ತಕವೊಂದು ಹೇಳುತ್ತದೆ. ಬಟಾಟಿ ಮುಟ್ಟಿದ್ದು 19ನೇ ಶತಮಾನದಲ್ಲಿ. ಹಾಗಾಗಿ ಗಮ್ಜಾತಾಂಗ್ ಸಾವಿರಾರು ವರ್ಷಗಳ ಹಳೆಯ ಸಾರು ಎಂಬ ಮಾತಿಗೂ ಕಾಲಿಲ್ಲ.

"ಸಾವಜಿ ತಿಂದ್ರ ಹೊಟ್ಟ್ಯಾಗ ಹುಣ್ಣಾಗ್ತಾವ"

ಹೊಟ್ಟೆಹುಣ್ಣಿನ ಮುಖ್ಯ ಕಾರಣಗಳು ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಮತ್ತು ಬಹಳ ದಿನ ನುಂಗಿದ ನೋವಿನ ಗುಳಿಗೆ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡು ತೋರಿಸಿದರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದರು. ಈಗಾಗಲೇ ಹುಣ್ಣು ಅಥವಾ ಆಮ್ಲದ ತೊಂದರೆ ಇದ್ದವರಿಗೆ ಖಾರ ಉರಿ ಹೆಚ್ಚಿಸಬಹುದು. ಅವರು ಬಿಡುವುದೇ ಒಳ್ಳೆಯದು. ಆದರೆ ಖಾನಾವಳಿಯನ್ನು ಬೈಯುತ್ತ ತಿಂಗಳುಗಟ್ಟಲೆ ಅಂಗಡಿ ಗುಳಿಗೆ ನುಂಗುವುದಕ್ಕಿಂತ ವೈದ್ಯರ ಹತ್ತಿರ ಹೋಗಿ ಪೈಲೋರಿ ಪರೀಕ್ಷೆ ಮಾಡಿಸುವುದು ವಾಸಿ. ಇದ್ದರೆ, ಸುಮಾರು ಎರಡು ವಾರದ ಆ್ಯಂಟಿಬಯೋಟಿಕ್ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಹೋಗುತ್ತದೆ.