ವಿದ್ಯುತ್ ಸಂಸ್ಥೆ ದಿವಾಳಿಯಾದರೆ ಮನೆಯವರ ಠೇವಣಿ ಯಾರ ಲೆಕ್ಕಕ್ಕೆ?

ಕಲ್ಲೋಳಿಯ ಮನೆಗೆ ಬರುವ ವಿದ್ಯುತ್ ಬಿಲ್ಲಿನ ಮೇಲೆ ಹೆಸ್ಕಾಂ ಹೆಸರಿರುತ್ತದೆ. ಬೀಗರ ಮನೆ ಹುಕ್ಕೇರಿ ಕಡೆಗಿದ್ದರೆ ಅಲ್ಲಿಯ ಬಿಲ್ಲು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. 1969ರಲ್ಲಿ ಸ್ಥಾಪನೆಗೊಂಡ ಈ ಸಂಘವು ದೇಶದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದಾಗಿದ್ದು, ರಾಜ್ಯದಲ್ಲಿ ಈ ಬಗೆಯ ಸಂಘ ಇದೊಂದೇ ಆಗಿದೆ. ಹೆಸ್ಕಾಂ ಸರ್ಕಾರದ ಕಂಪನಿ. ಅದರ ನಷ್ಟಕ್ಕೆ ಹಿಂದೆ ಸರ್ಕಾರವಿದೆ. ಸಹಕಾರಿ ಸಂಘದ ಹಿಂದಿರುವವರು ಅದರ ಸದಸ್ಯರು. ಹುಕ್ಕೇರಿ ಸಂಘಕ್ಕೆ ಅಂಥ ಸಂಕಟ ಬಂದಿದೆಯೆಂದು ಇದರರ್ಥವಲ್ಲ. ಆದರೆ ಅದರೊಡನೆ ಹುಟ್ಟಿದ ಇನ್ನೊಂದು ಸಂಘದ ಕಥೆ ತಿಳಿದಿರುವುದು ಒಳ್ಳೆಯದು.

ಮಹಾರಾಷ್ಟ್ರದ ಶ್ರೀರಾಂಪುರ ಭಾಗದ ಮುಳಾ-ಪ್ರವರಾ ಸಂಘವು ಸಗಟಾಗಿ ಕೊಂಡ ವಿದ್ಯುತ್ತಿನ ಬಾಕಿಯನ್ನು ವರ್ಷಾನುಗಟ್ಟಲೆ ಬೆಳೆಸಿಕೊಂಡು ಬಂದಿತು. 2011ರ ಆರಂಭದಲ್ಲಿ ಅದರ ಪರವಾನಗಿ ಮುಗಿದಾಗ, ಸರಬರಾಜಿನ ಹೊಣೆ ರಾಜ್ಯದ ವಿತರಣಾ ಕಂಪನಿಗೆ ಹೋಯಿತು. ಕಂಬ, ತಂತಿಗಳ ವ್ಯಾಜ್ಯ ಮೇಲ್ಮನವಿ ನ್ಯಾಯಮಂಡಳಿಯವರೆಗೂ ನಡೆಯಿತು. ಮನೆಗಳ ದೀಪ ಮಾತ್ರ ಆರಲಿಲ್ಲ.

ಇದಕ್ಕೆ ಕಾನೂನಿನಲ್ಲೇ ಆಧಾರವಿದೆ. ವಿದ್ಯುತ್ ಅಧಿನಿಯಮ 2003ರ 19ನೇ ಕಲಮಿನನ್ವಯ, ಹಣಕಾಸಿನ ದುಸ್ಥಿತಿಯಿಂದ ಕರ್ತವ್ಯ ನಿರ್ವಹಿಸಲಾಗದ ಸಂಸ್ಥೆಯ ಪರವಾನಗಿಯನ್ನು ಆಯೋಗವು ಕನಿಷ್ಠ ಮೂರು ತಿಂಗಳ ನೋಟಿಸು ನೀಡಿ ರದ್ದುಪಡಿಸಬಹುದು. 24ನೇ ಕಲಮಿನಡಿ ಪರವಾನಗಿಯನ್ನು ಒಂದು ವರ್ಷ ಮೀರದಂತೆ ಅಮಾನತಿನಲ್ಲಿಟ್ಟು ಆಡಳಿತಾಧಿಕಾರಿಯನ್ನು ನೇಮಿಸಬಹುದು. ವ್ಯವಸ್ಥೆಯನ್ನು ಮಾರಿದಲ್ಲಿ ಕೊಂಡವನಿಗೆ ಅದು ಸಾಲಮುಕ್ತವಾಗಿ ಸೇರುತ್ತದೆ. ಹಳೆಯ ಸಾಲಗಳು ಮಾರಾಟದ ಹಣಕ್ಕೆ ಅಂಟಿಕೊಳ್ಳುತ್ತವೆ. ಲೆಕ್ಕ ಬಲ್ಲವರು ಎಚ್ಚರಗೊಳ್ಳಬೇಕಾದ್ದು ಇಲ್ಲಿಯೇ. ಗ್ರಾಹಕನ ಭದ್ರತಾ ಠೇವಣಿ ಸಂಸ್ಥೆಯ ಆಸ್ತಿಯಲ್ಲ, ಅದು ಸಂಸ್ಥೆಯ ಹೊಣೆ. ಅದನ್ನು ಹೊಸಬರ ಪುಸ್ತಕಕ್ಕೆ ವರ್ಗಾಯಿಸಲಾಗಿದೆಯೇ ಎಂಬುದನ್ನು ಆಯೋಗದ ಆದೇಶದಲ್ಲಿ ನೋಡಿಕೊಳ್ಳಬೇಕು.

ಸಹಕಾರಿ ಸಂಘದಲ್ಲಿ ಮನೆಯ ಯಜಮಾನನಿಗೆ ಎರಡು ಪಾತ್ರಗಳು. ಠೇವಣಿಯ ಮಟ್ಟಿಗೆ ಆತ ಗ್ರಾಹಕ. 47ನೇ ಕಲಮಿನಂತೆ ಅದಕ್ಕೆ ಬಡ್ಡಿಯೂ ಸಲ್ಲಬೇಕು. ಷೇರಿನ ಮಟ್ಟಿಗೆ ಆತ ಮಾಲೀಕ. ಸಂಘ ಸಮಾಪನೆಗೊಂಡರೆ ಸಾಲಗಾರರೆಲ್ಲರಿಗೂ ಸಂದಾಯವಾದ ಮೇಲೆ ಉಳಿದರಷ್ಟೇ ಷೇರು ಹಣ. ಎರಡೂ ರಸೀದಿಗಳನ್ನು ಒಂದೇ ಕಟ್ಟಿನಲ್ಲಿಟ್ಟು, ಎರಡೂ ಒಂದೇ ಎಂದು ನಂಬಿರುವ ಮನೆಗಳೇ ಹೆಚ್ಚು. ಅಜ್ಜನ ಹೆಸರಿನ ಆರ್.ಆರ್. ನಂಬರನ್ನು ಮೊಮ್ಮಕ್ಕಳು ಬಳಸುತ್ತಿರುವುದೂ ಉಂಟು. ಅಂಥವರು ಹೆಸರು ಬದಲಾವಣೆಯನ್ನು ಈಗಲೇ ಮಾಡಿಸಿಕೊಂಡರೆ ಲೇಸು. ಸಮಾಪಕನ ಮುಂದೆ ವಾರಸಾ ಪತ್ರ ಹಿಡಿದು ನಿಲ್ಲುವುದು ಸುಲಭವಲ್ಲ.

2021ರಲ್ಲಿ ಅನಿಲದ ಬೆಲೆಯೇರಿ ಬ್ರಿಟನ್ನಿನಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಸರಬರಾಜು ಕಂಪನಿಗಳು ಮುಳುಗಿದಾಗ, ನಿಯಂತ್ರಣ ಸಂಸ್ಥೆಯು ಗ್ರಾಹಕರನ್ನು ಬೇರೆ ಕಂಪನಿಗಳಿಗೆ ವಹಿಸಿತು. ಜನರಿಗೆ ಅದು ಕೊಟ್ಟ ಸಲಹೆಯೂ ಸರಳವಾಗಿತ್ತು: ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು ಕಾಯಿರಿ. ಇಲ್ಲಿಗೂ ಅದು ಒಪ್ಪುತ್ತದೆ. ಹಸ್ತಾಂತರದ ದಿನ ಮೀಟರಿನ ಫೋಟೊ ತೆಗೆದಿಟ್ಟರೆ ಹಳೆಯ, ಹೊಸ ಸಂಸ್ಥೆಗಳ ಬಿಲ್ಲುಗಳ ನಡುವಿನ ಗೊಂದಲ ತಪ್ಪುತ್ತದೆ. ಸಂಸ್ಥೆ ಮುಳುಗುತ್ತಿದೆಯೆಂದು ಬಿಲ್ಲು ಕಟ್ಟುವುದನ್ನು ನಿಲ್ಲಿಸುವುದಂತೂ ಶುದ್ಧ ಅವಿವೇಕ. ಬಾಕಿಯು ಸಂಸ್ಥೆಯ ಆಸ್ತಿಯಾಗಿದ್ದು, ಅದನ್ನು ವಸೂಲು ಮಾಡುವುದೇ ಸಮಾಪಕನ ಮೊದಲ ಕೆಲಸ. ಛಾವಣಿಯ ಮೇಲೆ ಸೌರಫಲಕ ಹಾಕಿಸಿ ವಿದ್ಯುತ್ ಮಾರುತ್ತಿರುವವರು ತಮ್ಮ ಒಪ್ಪಂದವು ಹೊಸ ಸಂಸ್ಥೆಗೂ ಅನ್ವಯಿಸುವುದೆಂದು ಬರಹದಲ್ಲಿ ಪಡೆಯಬೇಕು. ಠೇವಣಿಯ ತಕರಾರನ್ನು ಮೊದಲು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿ ಪರಿಹಾರ ದೊರೆಯದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್‌ಗೆ ಒಯ್ಯಬಹುದು. ಎರಡೂ ಕಡೆ ಮೊದಲು ಕೇಳುವುದು ಠೇವಣಿಯ ರಸೀದಿಯನ್ನೇ.