ಕಪ್ಪು ಪರದೆಯ ಮೇಲೆ ಅಕ್ಷರಗಳ ಅಚ್ಚುಕಟ್ಟು

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಪರದೆಗೆ ಬರೆಯುವುದಕ್ಕೆಂದೇ ಭಾಷೆಯೊಳಗೆ ಯಾವ ಆಜ್ಞೆಯೂ ಇಲ್ಲ. ಆ ಹೊಣೆ ಅದರ ಜೊತೆಗೆ ಬರುವ ಲೈಬ್ರರಿಯದು, ಅಂದರೆ ಮೊದಲೇ ಬರೆದಿಟ್ಟ ಫಂಕ್ಷನ್‌ಗಳ ಭಂಡಾರದ್ದು. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಪ್ರಿಂಟ್‌ಎಫ್’ನ ಕೊನೆಯ ಅಕ್ಷರ ‘ಫಾರ್ಮ್ಯಾಟ್’ ಎಂಬುದನ್ನು, ಎಂದರೆ ವಿನ್ಯಾಸವನ್ನು ಸೂಚಿಸುತ್ತದೆ. ಇದಕ್ಕೆ ಮೊದಲು ಒಂದು ಮಾದರಿ ವಾಕ್ಯವನ್ನೂ ಅನಂತರ ಮೌಲ್ಯಗಳನ್ನೂ ಕೊಟ್ಟರೆ, ವಾಕ್ಯದಲ್ಲಿ ಶೇಕಡಾ ಚಿಹ್ನೆಯಿಂದ ಗುರುತಿಸಿದ ಕಡೆಯಲ್ಲೆಲ್ಲ ಒಂದೊಂದು ಮೌಲ್ಯ ಬಂದು ಕೂರುತ್ತದೆ. ಚಿಹ್ನೆಯ ಮುಂದೆ ‘ಡಿ’ ಇದ್ದರೆ ಪೂರ್ಣಾಂಕ, ‘ಎಫ್’ ಇದ್ದರೆ ದಶಮಾಂಶ ಸಂಖ್ಯೆ, ‘ಎಸ್’ ಇದ್ದರೆ ಪಠ್ಯ. ನಡುವೆ 8 ಎಂದು ಬರೆದರೆ ಕನಿಷ್ಠ 8 ಸ್ಥಾನಗಳ ಅಗಲ ದೊರೆತು, ಅಂಕಿಗಳು ಬಲಕ್ಕೆ ಸರಿದು, ಅಂಗಡಿಯ ಲೆಕ್ಕದ ಪುಸ್ತಕದಲ್ಲಿರುವಂತೆ ಒಂದರ ಕೆಳಗೊಂದು ನಿಲ್ಲುತ್ತವೆ.

ಈ ಅಚ್ಚುಕಟ್ಟು ಕನ್ನಡ ಬಂದೊಡನೆ ಕೆಡುತ್ತದೆ. ಪ್ರಿಂಟ್‌ಎಫ್ ಪಠ್ಯದ ಅಗಲವನ್ನು ಎಣಿಸುವುದು ಕಣ್ಣಿಗೆ ಕಾಣುವ ಅಕ್ಷರಗಳಿಂದಲ್ಲ, ಮೆಮೊರಿಯಲ್ಲಿ ಅವು ಹಿಡಿಯುವ ಬೈಟ್‌ಗಳಿಂದ. ‘ಕನ್ನಡ’ ಎಂಬಲ್ಲಿ ಓದುಗನಿಗೆ ಕಾಣುವುದು 3 ಅಕ್ಷರ. ಒತ್ತಕ್ಷರವನ್ನು ಬೆಸೆಯುವ ಗುರುತೂ ಸೇರಿ ಯೂನಿಕೋಡ್‌ನ ಲೆಕ್ಕದಲ್ಲಿ 5 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಒಟ್ಟು 15. ಹೀಗಾಗಿ 20 ಸ್ಥಾನ ಕೇಳಿದರೆ ಐದಕ್ಷರದ ಇಂಗ್ಲಿಷ್ ಪದಕ್ಕೆ 15 ಖಾಲಿ ಜಾಗ ಸೇರಿದರೆ, ‘ಕನ್ನಡ’ಕ್ಕೆ ಸೇರುವುದು 5 ಮಾತ್ರ, ಮತ್ತು ಪಟ್ಟಿಯ ಸಾಲುಗಳು ಸೊಟ್ಟಗಾಗುತ್ತವೆ. ಇದನ್ನು ದೋಷವೆನ್ನುವುದು ಕಷ್ಟ. ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕೆಂದು ನಂಬಿದ್ದ ಕಾಲದ ಕೂಸು ಅದು. ಖಾಲಿ ಜಾಗವನ್ನು ಕಾರ್ಯಕ್ರಮವೇ ಬೇರೆಯಾಗಿ ಲೆಕ್ಕಹಾಕಬೇಕು.

ಬಣ್ಣದ ವಿಷಯ ಇಷ್ಟು ತೊಡಕಿನದಲ್ಲ: 27ನೆಯ ಸಂಕೇತವಾದ ‘ಎಸ್ಕೇಪ್’, ಅದರ ಹಿಂದೆಯೇ ಚೌಕ ಆವರಣ, 31 ಮತ್ತು ‘ಎಮ್’ ಅಕ್ಷರ ಬಂದರೆ ಟರ್ಮಿನಲ್ ಅವನ್ನು ಮುದ್ರಿಸದೆ ಮುಂದಿನ ಪಠ್ಯವನ್ನು ಕೆಂಪಾಗಿಸುತ್ತದೆ, 31ರ ಜಾಗದಲ್ಲಿ 0 ಇಟ್ಟು ಮತ್ತೆ ಕಳುಹಿಸುವವರೆಗೂ ಕೆಂಪು ಹಾಗೆಯೇ ಉಳಿಯುತ್ತದೆ.