ಆಟದ ರೈಲಿನ ಸನ್ನೆಗೋಲು

ರೈಲು ನಿಲ್ದಾಣದ ಕೊನೆಯಲ್ಲಿ, ಪ್ಲಾಟ್‌ಫಾರಮ್ಮು ಮುಗಿದು ಜಲ್ಲಿಕಲ್ಲು ಮೊದಲಾಗುವ ಕಡೆ, ಎತ್ತರವಾಗಿ ಕಟ್ಟಿದ ಗಾಜುಕಿಟಕಿಯ ಕೋಣೆಯೊಂದನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡಿರುವರು. ಅದರೊಳಗೆ ಉಕ್ಕಿನ ಸನ್ನೆಗೋಲುಗಳು ಸಾಲಾಗಿ ನಿಂತಿರುತ್ತಿದ್ದುವು. ಒಬ್ಬಾತನು ಕಾಲನ್ನು ಭದ್ರವಾಗಿ ಊರಿ, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಅವುಗಳಲ್ಲಿ ಒಂದನ್ನು ಎಳೆದನೆಂದರೆ, ದೂರದಲ್ಲೆಲ್ಲೋ ತಂತಿ ಕಿರುಗುಟ್ಟಿ ಕೈಮರವು ಬೀಳುತ್ತಿತ್ತು. ಕೈಮರ ಬಿತ್ತೆಂದೊಡನೆ ನಿಲ್ದಾಣದಲ್ಲಿ ಗಂಟುಮೂಟೆಗಳು ಹೆಗಲೇರುವುವು. ನಿದ್ರಿಸುತ್ತಿದ್ದ ಕೂಸುಗಳು ಎಚ್ಚರಗೊಳ್ಳುವುವು. ಇಂಗ್ಲೆಂಡಿನಲ್ಲಿ ಈ ಕೆಲಸದವರು ಬರಿಗೈಯಿಂದ ಸನ್ನೆಗೋಲನ್ನು ಮುಟ್ಟುತ್ತಿರಲಿಲ್ಲ. ಬೆವರು ತಗುಲಿದರೆ ಉಜ್ಜಿ ಹೊಳೆಯಿಸಿದ ಉಕ್ಕಿಗೆ ತುಕ್ಕು ಹಿಡಿಯುವುದೆಂದು ಕೈಯಲ್ಲೊಂದು ಬಟ್ಟೆಯ ತುಂಡನ್ನು ಹಿಡಿದೇ ಎಳೆಯುವುದು ಅವರ ಪದ್ಧತಿ.

ದೊಡ್ಡ ರೈಲಿನಲ್ಲಿ ಈ ಸನ್ನೆಗೋಲುಗಳ ಸ್ಥಾನವನ್ನು ವಿದ್ಯುಚ್ಛಕ್ತಿಯೂ ಗಣಕಯಂತ್ರವೂ ಬಹುಮಟ್ಟಿಗೆ ಆಕ್ರಮಿಸಿಕೊಂಡಿವೆ. ಆದರೆ ಆಟದ ರೈಲನ್ನು ಮೇಜಿನ ಮೇಲೆ ಓಡಿಸುವ ಹವ್ಯಾಸಿಗಳಲ್ಲಿ ಅನೇಕರು ಇನ್ನೂ ಅದನ್ನು ಬಿಟ್ಟಿಲ್ಲ. ಇದು ಕೇವಲ ಹಳೆಯದರ ಮೇಲಣ ಮೋಹವೆಂದು ತಿಳಿಯಬಾರದು.

ಆಟದ ರೈಲೆಂದರೆ ಕೀಲಿ ಕೊಟ್ಟು ನೆಲದ ಮೇಲೆ ಬಿಡುವ ತಗಡಿನ ಬಂಡಿಯಲ್ಲ. ಜರ್ಮನಿಯ ಮಾರ್ಕ್ಲಿನ್ ಎಂಬ ಸಂಸ್ಥೆಯವರು 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ, ಒಂದಕ್ಕೊಂದು ಜೋಡಿಸಬಹುದಾದ ಕಂಬಿಗಳ ಮೇಲೆ ಓಡುವ ರೈಲನ್ನು ಪ್ರದರ್ಶಿಸಿದರು. ಮುಂದೆ ಬಂಡಿಗಳ ಗಾತ್ರ ಕುಗ್ಗುತ್ತ ಬಂತು. ಈಗ ಬಹಳ ಬಳಕೆಯಲ್ಲಿರುವ ಅಳತೆಯಲ್ಲಿ ನಿಜವಾದ ರೈಲಿನ 87 ಅಡಿ ಇಲ್ಲಿಯ ಒಂದು ಅಡಿ. ಎರಡು ಕಂಬಿಗಳ ನಡುವಣ ಅಂತರ 16.5 ಮಿಲಿಮೀಟರು. ಊಟದ ಮೇಜಿನಷ್ಟು ಸ್ಥಳದಲ್ಲಿ ಒಂದು ಸಣ್ಣ ನಿಲ್ದಾಣವನ್ನೇ ಹೂಡಬಹುದು. ಮನೆಯಾಕೆಯು ಒಪ್ಪಬೇಕು, ಅಷ್ಟೆ.

ನಿಲ್ದಾಣವೆಂದಮೇಲೆ ದಾರಿ ಕವಲೊಡೆಯಲೇಬೇಕು. ಆ ಕವಲನ್ನು ರೈಲಿನವರು ಪಾಯಿಂಟು ಎನ್ನುವರು. ಅಲ್ಲಿ ಚೂಪಾಗಿ ತೇಯ್ದ ಎರಡು ನಾಲಗೆಯಂಥ ಕಂಬಿಗಳು ಒಂದು ಅಡ್ಡಪಟ್ಟಿಯಿಂದ ಬಂಧಿಸಲ್ಪಟ್ಟು, ಜೊತೆಯಾಗಿ ಅತ್ತಿಂದಿತ್ತ ಸರಿಯುತ್ತವೆ. ಒಂದು ನಾಲಗೆ ಪಕ್ಕದ ಕಂಬಿಗೆ ಅಂಟಿಕೊಂಡರೆ ಬಂಡಿ ನೇರಕ್ಕೆ ಹೋಗುವುದು. ಮತ್ತೊಂದು ಅಂಟಿಕೊಂಡರೆ ಕವಲಿಗೆ ತಿರುಗುವುದು. ಎರಡೂ ಅರೆಮನಸ್ಸಿನಿಂದ ನಡುವೆ ನಿಂತವೋ, ಬಂಡಿಯ ಗಾಲಿ ಕೆಳಗಿಳಿಯುವುದು ಖಂಡಿತ. ಆಟದ ರೈಲಿನಲ್ಲಿ ಈ ನಾಲಗೆಗಳು ಸರಿಯಬೇಕಾದ ದೂರ ಎರಡು ಮೂರು ಮಿಲಿಮೀಟರು ಮಾತ್ರ. ಬೆರಳಿನಿಂದಲೇ ನೂಕಬಹುದು, ಅನೇಕರು ನೂಕುವುದೂ ಉಂಟು. ಆದರೆ ಮೇಜಿನ ಆಚೆಯ ಬದಿಯ ಪಾಯಿಂಟನ್ನು ನೂಕಹೋಗಿ ತೋಳಿನಿಂದ ಈಚೆಯ ಕೈಮರವನ್ನು ಮುರಿದುಕೊಳ್ಳುವುದು ಈ ಹವ್ಯಾಸದ ನಿತ್ಯದ ದುಃಖ.

ಇದಕ್ಕೆ ಪೇಟೆಯಲ್ಲಿ ಮಾರುವ ಪರಿಹಾರವೆಂದರೆ ವಿದ್ಯುತ್ತಿನ ಸುರುಳಿ. ಗುಂಡಿಯನ್ನೊತ್ತಿದರೆ ಸುರುಳಿಯು ಅಯಸ್ಕಾಂತವಾಗಿ ನಾಲಗೆಯನ್ನು ಟಕ್ಕೆಂದು ಎಳೆಯುವುದು. ಗುಂಡಿಯನ್ನು ಮರೆತು ಒತ್ತಿಕೊಂಡೇ ಇದ್ದರೆ ಸುರುಳಿ ಸುಡುವುದು. ಅದಕ್ಕಿಂತ ಹೆಚ್ಚಿನ ದೋಷ ಬೇರೊಂದುಂಟು: ನಾಲಗೆ ನಿಜವಾಗಿ ಅಂಟಿಕೊಂಡಿತೋ, ನಡುವೆ ಒಂದು ಮರಳಿನ ಕಣ ಸಿಕ್ಕಿ ನಿಂತಿತೋ, ಗುಂಡಿಯೊತ್ತಿದ ಬೆರಳಿಗೆ ಏನೂ ತಿಳಿಯದು. ಸನ್ನೆಗೋಲಿನಲ್ಲಾದರೋ ಆ ಕಣವು ಕೈಗೆ ತಗುಲುತ್ತದೆ.

ಮನೆಯಲ್ಲಿಯೇ ಇದನ್ನು ಮಾಡಿಕೊಳ್ಳುವ ಕ್ರಮ ಸುಲಭವಾಗಿದೆ. ಗಡುಸಾದ, ಸುಮಾರು ಒಂದು ಮಿಲಿಮೀಟರು ದಪ್ಪದ ಉಕ್ಕಿನ ತಂತಿಯನ್ನು ಸಣ್ಣ ಕೊಳವೆಯೊಳಗೆ ತೂರಿಸಿ ಹಲಗೆಯ ಕೆಳಗೆ ಹಾಯಿಸಬೇಕು. ಬರೆದು ಮುಗಿದ ಪೆನ್ನಿನ ರೀಫಿಲ್ಲುಗಳಲ್ಲಿ ಈ ತಂತಿ ಸಲೀಸಾಗಿ ಆಡುವಂಥವನ್ನು ಆರಿಸಿಕೊಂಡರೆ ಕೊಳವೆಗೆ ದುಡ್ಡು ಕೊಡಬೇಕಾದುದಿಲ್ಲ. ತಂತಿ ಮೂಲೆ ತಿರುಗಬೇಕಾದಲ್ಲಿ, ಮೊಣಕೈಯಂತೆ ಬಾಗಿದ ಹಿತ್ತಾಳೆಯ ತುಂಡನ್ನು ಮೊಳೆಯ ಮೇಲೆ ತಿರುಗುವಂತೆ ನಿಲ್ಲಿಸಿ, ಅದರ ಎರಡು ತುದಿಗಳಿಗೆ ಎರಡು ತಂತಿಗಳನ್ನು ಸಿಕ್ಕಿಸಬೇಕು. ಕೈಯ ಚಲನೆ ದೊಡ್ಡದು, ನಾಲಗೆಯದು ಸಣ್ಣದು. ಆದುದರಿಂದ ಈ ಮೊಣಕೈಯ ಒಂದು ತೋಳು ಉದ್ದವಾಗಿಯೂ ಇನ್ನೊಂದು ಗಿಡ್ಡವಾಗಿಯೂ ಇರತಕ್ಕದ್ದು. ಆದರೂ ಚೂರು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ತಂತಿಯ ನಡುವೆ ಒಂದು ಕಡೆ ಕುದುರೆಲಾಳದಂತೆ ಬಳುಕು ಕೊಟ್ಟರೆ ಹೆಚ್ಚಾದ ಎಳೆತವನ್ನು ಆ ಬಳುಕೇ ನುಂಗಿಕೊಂಡು ನಾಲಗೆಯನ್ನು ಕಂಬಿಗೆ ಒತ್ತಿಹಿಡಿಯುವುದು. ಈ ಒಂದು ಬಳುಕನ್ನು ಮರೆತವರು ಅಡ್ಡಪಟ್ಟಿಯನ್ನೇ ಕಿತ್ತುಕೊಳ್ಳುವರು.

ದೊಡ್ಡ ರೈಲಿನಲ್ಲಿಯೂ ಇದೇ ತೊಡಕುಂಟು. ಕೈಮರವನ್ನು ಎಳೆದರೆ ಸಾಕು, ಭಾರದಿಂದ ತಾನೇ ಹಿಂದಿರುಗುವುದು. ಅದಕ್ಕೆ ತಂತಿ ಸಾಲುತ್ತದೆ. ಪಾಯಿಂಟನ್ನು ಎಳೆಯಲೂ ಬೇಕು, ನೂಕಲೂ ಬೇಕು, ತಂತಿಯು ನೂಕಲಾರದು. ಆದುದರಿಂದ ಕೋಣೆಯಿಂದ ಪಾಯಿಂಟಿನವರೆಗೂ ಕಬ್ಬಿಣದ ಸಲಾಕೆಗಳನ್ನು ಉರುಳೆಗಳ ಮೇಲೆ ಹಾಯಿಸುವರು. ಬಿಸಿಲಿಗೆ ಸಲಾಕೆ ಹಿಗ್ಗಿದರೆ ಪಾಯಿಂಟು ತಾನಾಗಿ ಕದಲೀತು! ಇದಕ್ಕಾಗಿ ನಡುದಾರಿಯಲ್ಲಿ ಒಂದು ಸನ್ನೆಯನ್ನಿಟ್ಟು, ಮೊದಲರ್ಧದ ನೂಕನ್ನು ಎರಡನೆಯರ್ಧದಲ್ಲಿ ಎಳೆತವಾಗಿ ತಿರುಗಿಸುವರು. ಒಂದರ್ಧದ ಹಿಗ್ಗನ್ನು ಇನ್ನೊಂದರ್ಧದ ಹಿಗ್ಗು ಸರಿತೂಗಿಸುವುದು. ಎಷ್ಟು ಸರಳ, ಎಷ್ಟು ಜಾಣತನ!

ಇಷ್ಟೆಲ್ಲವನ್ನು ಒಂದು ಕೋಣೆಗೆ ತಂದುದು ಆಳುಗಳ ನಡೆದಾಟವನ್ನು ಉಳಿಸುವುದಕ್ಕೆ ಮಾತ್ರವಲ್ಲ. ಪಾಯಿಂಟು ಒಬ್ಬನ ಕೈಯಲ್ಲಿ, ಕೈಮರ ಇನ್ನೊಬ್ಬನ ಕೈಯಲ್ಲಿ ಇದ್ದ ಕಾಲದಲ್ಲಿ ದಾರಿಯೊಂದು, ಸನ್ನೆಯೊಂದು ಆಗುವ ಭಯವಿತ್ತು. ಜಾನ್ ಸ್ಯಾಕ್ಸ್‌ಬಿ ಎಂಬ ಆಂಗ್ಲೇಯನು 1856ರಲ್ಲಿ ಎರಡನ್ನೂ ಜೊತೆಗೂಡಿಸಿ ನಡೆಯಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಇದರಿಂದ ಬೆಳೆದುಬಂದ ವಿದ್ಯೆಯೇ ಇಂಟರ್‌ಲಾಕಿಂಗ್, ಎಂದರೆ ಸನ್ನೆಗೋಲುಗಳ ಪರಸ್ಪರ ಬಂಧನ. 1889ನೆಯ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬಲ್ಲಿ ವಿಹಾರಕ್ಕೆ ಹೊರಟ ರೈಲಿನ ಹಿಂದಣ ಬಂಡಿಗಳು ಕಳಚಿ ಇಳಿಜಾರಿನಲ್ಲಿ ಹಿಂದಕ್ಕೋಡಿ, ಹಿಂದಿನಿಂದ ಬರುತ್ತಿದ್ದ ರೈಲಿಗೆ ಅಪ್ಪಳಿಸಿ ಸುಮಾರು 80 ಜನ ಮಡಿದರು; ಅವರಲ್ಲಿ ಮಕ್ಕಳು ಅನೇಕರು. ಅಲ್ಲಿ ತಪ್ಪಿದ್ದುದು ಪಾಯಿಂಟಲ್ಲ. ಆದರೂ ಆ ದುಃಖದಿಂದ ಎಚ್ಚೆತ್ತು ಅದೇ ವರ್ಷ ಮಾಡಿದ ಕಾನೂನು, ಬ್ರೇಕಿನ ಸಂಗಡ ಈ ಪರಸ್ಪರ ಬಂಧನವನ್ನೂ ಪ್ರಯಾಣಿಕರ ಮಾರ್ಗಗಳಿಗೆ ಕಡ್ಡಾಯಗೊಳಿಸಿತು.

ಹಳೆಯ ಕಥೆಯೆನ್ನುವಿರಾ? 2023ನೆಯ ಜೂನ್ 2ರಂದು ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ನೇರದಾರಿಯ ಹಸಿರು ದೀಪ ತೋರಿತ್ತು. ಪಾಯಿಂಟು ಮಾತ್ರ ಪಕ್ಕದ ದಾರಿಗೆ ತಿರುಗಿಯೇ ಇತ್ತು. ಆ ದಾರಿಯಲ್ಲಿ ಸರಕುಬಂಡಿ ನಿಂತಿತ್ತು. 290ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಸಿಗ್ನಲ್ಲಿನ ತಂತಿಗಳನ್ನು ಬದಲಿಸುವಾಗ ಆದ ತಪ್ಪುಗಳೇ ಇದಕ್ಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬಂತು. ಯಂತ್ರ ಹೊಸದಾಗಿದ್ದರೂ ಕೇಳಬೇಕಾದ ಪ್ರಶ್ನೆ ಅದೇ: ಸನ್ನೆ ಹೇಳುವ ದಾರಿಯೂ ಪಾಯಿಂಟು ತೋರುವ ದಾರಿಯೂ ಒಂದೇ ಹೌದೇ?

ಈ ಬಂಧನವನ್ನು ಆಟದ ರೈಲಿಗೆ ಹೊಂದಿಸುವುದೇ ನನ್ನ ಮನಸ್ಸಿಗೆ ಈ ಹವ್ಯಾಸದ ಸಾರವೆಂದು ತೋರುತ್ತದೆ. ಎರಡು ಸನ್ನೆಗೋಲುಗಳನ್ನು ತೆಗೆದುಕೊಳ್ಳಿ. ಒಂದು ಪಾಯಿಂಟಿನದು, ಒಂದು ನೇರದಾರಿಯ ಕೈಮರದ್ದು. ಒಂದೊಂದರ ಬುಡಕ್ಕೂ ಗೋಲಿನೊಡನೆ ಹಿಂದುಮುಂದಾಗಿ ಜಾರುವ ಹಿತ್ತಾಳೆಯ ಪಟ್ಟಿಯನ್ನು ಸಿಕ್ಕಿಸಿ. ಎರಡು ಪಟ್ಟಿಗಳ ಎದುರುಬದುರಾದ ಅಂಚುಗಳಲ್ಲಿ, ಗೋಲುಗಳು ಎಳೆಯದೆ ಇರುವಾಗ ಸರಿಯಾಗಿ ಮುಖಾಮುಖಿಯಾಗುವಂತೆ, ಓರೆಯಾದ ಒಂದೊಂದು ಕಚ್ಚನ್ನು ಕೊರೆಯಿರಿ. ನಡುವೆ ಅಡ್ಡಲಾಗಿ ಜಾರುವ ಒಂದು ಸಣ್ಣ ತುಂಡನ್ನಿಡಿ. ಅದರ ಎರಡು ತುದಿಗಳೂ ಕಚ್ಚಿನ ಆಕಾರದಲ್ಲಿ ಚೂಪಾಗಿರಲಿ. ತುಂಡಿನ ಉದ್ದ ಪಟ್ಟಿಗಳ ನಡುವಣ ಜಾಗಕ್ಕಿಂತ ಒಂದು ಕಚ್ಚಿನ ಆಳದಷ್ಟು ಹೆಚ್ಚು. ಎಂದಮೇಲೆ ಅದರ ಒಂದು ತುದಿ ಯಾವಾಗಲೂ ಯಾವುದಾದರೊಂದು ಕಚ್ಚಿನಲ್ಲಿ ಇರಲೇಬೇಕಾಯಿತಲ್ಲವೇ? ಪಾಯಿಂಟಿನ ಗೋಲನ್ನು ಎಳೆದರೆ ಅದರ ಕಚ್ಚಿನ ಓರೆಯು ತುಂಡನ್ನು ಪಕ್ಕದ ಕಚ್ಚಿಗೆ ತಳ್ಳುವುದು. ಈಗ ಕೈಮರದ ಗೋಲು ಕದಲದು. ಪಾಯಿಂಟನ್ನು ನೇರಕ್ಕೆ ತಂದು ಕೈಮರವನ್ನು ಎಳೆದರೆ, ಪಾಯಿಂಟಿನ ಗೋಲು ಕದಲದು. ಮೂರು ತುಂಡು ಹಿತ್ತಾಳೆ, ಒಂದು ಅರ, ಒಂದು ಭಾನುವಾರ, ಇಷ್ಟು ಸಾಕು. ಮೊದಲ ಸಲ ನಮ್ಮ ಕೈಯಿಂದಲೇ ಮಾಡಿದ ಗೋಲು ನಮಗೇ ಒಲ್ಲೆನೆಂದಾಗ ಆಗುವ ಸಂತೋಷವನ್ನು ಮಾಡಿ ನೋಡಿದವರೇ ಬಲ್ಲರು.

ದೊಡ್ಡವರೂ ಇದನ್ನು ಆಟವೆಂದು ತಳ್ಳಿಹಾಕಿರಲಿಲ್ಲ. ಇಂಗ್ಲೆಂಡಿನ ಲ್ಯಾಂಕಷೈರ್ ಮತ್ತು ಯಾರ್ಕ್‌ಷೈರ್ ರೈಲ್ವೆಯವರು 1912ರಲ್ಲಿ ಮ್ಯಾಂಚೆಸ್ಟರಿನ ವಿಕ್ಟೋರಿಯಾ ನಿಲ್ದಾಣದಲ್ಲಿ ಇಂತಹ ಒಂದು ಸಣ್ಣ ರೈಲುಮಾರ್ಗವನ್ನು ಮೇಜಿನ ಮೇಲೆ ಕಟ್ಟಿಸಿ, ಸಿಗ್ನಲ್ ಕೆಲಸಕ್ಕೆ ಸೇರುವವರಿಗೆ ಅದರ ಮೇಲೆ ಶಿಕ್ಷಣ ಕೊಡುತ್ತಿದ್ದರು. ತಪ್ಪಿದರೆ ಅಲ್ಲಿ ಉರುಳುವುದು ಗೊಂಬೆಬಂಡಿ. ಅದು ಹಲವು ದಶಕಗಳ ಕಾಲ ಸೇವೆ ಮಾಡಿ, ಈಗ ಯಾರ್ಕ್ ಪಟ್ಟಣದ ರೈಲ್ವೆ ವಸ್ತುಸಂಗ್ರಹಾಲಯವನ್ನು ಸೇರಿದೆ.

ಪಾಯಿಂಟುಗಳು ಹತ್ತಾರಾಗಿ, ಮಾರ್ಗವು ಕೋಣೆಯಿಂದ ಕೋಣೆಗೆ ಹಬ್ಬಿದರೆ, ಅಥವಾ ಹಲಗೆಗಳನ್ನು ಬಿಚ್ಚಿ ಮೂಲೆಗಿಡಬೇಕಾದರೆ, ತಂತಿ ಕೊಳವೆಗಳು ಕಾಟವೇ ಸರಿ; ಅಲ್ಲಿ ವಿದ್ಯುತ್ತೇ ಲೇಸು. ಐದಾರು ಪಾಯಿಂಟುಗಳ ನಿಲ್ದಾಣಕ್ಕೆ ಸನ್ನೆಗೋಲನ್ನು ಮೀರಿದುದಿಲ್ಲ. ಒಂದು ಎಚ್ಚರಿಕೆ: ಗೋಲು ಕದಲದಿದ್ದಾಗ ಹುಡುಗರು ಬಲಪ್ರಯೋಗ ಮಾಡುವರು. ಹಾಗೆ ಮಾಡಕೂಡದೆಂದೂ, ಬೇರೆ ಯಾವ ಗೋಲು ಎಳೆದಿದೆಯೆಂಬುದನ್ನು ಮೊದಲು ನೋಡಬೇಕೆಂದೂ ಹೇಳಿಕೊಡಿ. ಗುರುತಿಗಾಗಿ ಇಂಗ್ಲೆಂಡಿನ ಸಂಪ್ರದಾಯದಂತೆ ನಿಲುಗಡೆಯ ಕೈಮರದ ಗೋಲಿಗೆ ಕೆಂಪು, ದೂರದ ಕೈಮರದ್ದಕ್ಕೆ ಹಳದಿ, ಪಾಯಿಂಟಿನದಕ್ಕೆ ಕಪ್ಪು, ಪಾಯಿಂಟಿನ ಬೀಗಕ್ಕೆ ನೀಲಿ, ಕೆಲಸವಿಲ್ಲದ ಗೋಲಿಗೆ ಬಿಳಿ ಬಣ್ಣ ಬಳಿಯಬಹುದು. ಹಿಡಿಗೆ ಮಾತ್ರ ಬಣ್ಣ ಬೇಡ. ಉಜ್ಜಿ ಹೊಳಪು ಮಾಡಿ, ಪಕ್ಕದಲ್ಲಿ ಒಂದು ಬಟ್ಟೆಯ ತುಂಡನ್ನಿಡಿ. ಅದು ಅಡುಗೆಮನೆಯಿಂದ ಬಂದುದಾಗಿದ್ದರೆ ಸಂಜೆಯೊಳಗೆ ಹಿಂದಿರುಗಿಸುವುದು ಕ್ಷೇಮ.